ಜೇಬಿಗೆ ಹಿಡಿಸುವಂಥದ್ದು

ಬಿ.ಎಂ. ರಸ್ತೆಯ ಅಂಗಡಿಯಲ್ಲಿ, ಗಾಜಿನ ಮೇಲೆ ಮೂರು ಕ್ಯಾಮೆರಾ.
ಕೆಂಪು, ಬೆಳ್ಳಿ, ಕಪ್ಪು.
ಒಂದೊಂದೂ ಸವೆದ ಸಾಬೂನಿನಷ್ಟೇ ಇದೆ.
“ಜೇಬಿಗೆ ಹಿಡಿಸೋ ಅಂಥದ್ದು ಬೇಕು, ಮನೇಲಿ ದಿನಾ ತೆಗೆಯೋಕೆ”
ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ,
“ನೀವೇ ಆರಿಸಿ ಅಪ್ಪಾಜಿ, ನಲವತ್ತು ವರ್ಷ ಸ್ಟುಡಿಯೋದಲ್ಲಿದ್ದೋರು.”

ಇದ್ದೆ, ನಿಜ.
ಕ್ಯಾಮೆರಾ ಮಾತ್ರ ಮುಟ್ಟಿದವನಲ್ಲ.
“ಗಲ್ಲ ಎತ್ತಿ, ಉಸಿರು ಹಿಡೀರಿ” ಎನ್ನುವ ಮಾಲೀಕರ ದನಿ
ಪರದೆಯಾಚೆ.
ಈಚೆ ನಾನು, ಓರೆ ಗಾಜಿನ ಮೇಜು,
ಉಪ್ಪುಕಾಗದಕ್ಕೆ ತೀಡಿ ತೀಡಿ ಸೂಜಿ ಮಾಡಿದ ಸೀಸದ ಮೊನೆ.
ನೆಗೆಟಿವ್‌ಗೆ ಕಪ್ಪು ಹಚ್ಚಿದಷ್ಟೂ
ಮುಖ ಬೆಳ್ಳಗಾಗುವ ಕಸುಬು.
ಹಾಸನದ ಎಷ್ಟು ಮದುವೆಗಳು ಆ ಮೊನೆಯ ಮೇಲೆ ನಿಂತವೋ
ಲೆಕ್ಕ ಇಟ್ಟಿಲ್ಲ.

ನಿಲ್ಲದೇ ಹೋದದ್ದು ಒಂದು ನೆನಪಿದೆ.
ಮರುದೇವಕ್ಕನಿಗೆ ಆರು ವರ್ಷಕ್ಕೇ ಸಿಡುಬು.
ಗೆಡ್ಡೆ ಗೆಣಸು ಹೊಸಿಲು ದಾಟದ ಜೈನರ ಮನೆ ನಮ್ಮದು;
ಆಲೂಗಡ್ಡೆ ಒಳಗೆ ಬಂದದ್ದು
ಶಾಲೆಯಲ್ಲಿ ಅಕ್ಕನಿಗಿಟ್ಟ ಹೆಸರಾಗಿ.
ನನಗಾಗ ಹದಿನೆಂಟು. ಹೊಸ ಕೈ, ಹೊಸ ಹುರುಪು.
ಎರಡು ರಾತ್ರಿ ಕೂತು ಒಂದೊಂದೇ ಗುಳಿ ಮುಚ್ಚಿದೆ.
ಫೋಟೊ ಅರಸೀಕೆರೆಗೆ ಹೋಯಿತು. ಒಪ್ಪಿಗೆ ಬಂತು.
ಗಂಡಿನ ಕಡೆಯವರೂ ಬಂದರು.
ಉಪ್ಪಿಟ್ಟು ತಿಂದು, ಕಾಫಿ ಕುಡಿದು,
ಲೋಟ ತೆಗೆದುಕೊಳ್ಳಲು ಬಂದ ಅಕ್ಕನನ್ನೇ ಕೇಳಿದರು:
“ಹುಡುಗಿ ಎಲ್ಲಮ್ಮಾ?”

ಮರುವರ್ಷ ಅಂಚೆ ಕಚೇರಿಯ ಸಾಲಿನಲ್ಲಿ ಅವಳನ್ನು ಕಂಡವನೊಬ್ಬ
ಫೋಟೊ ಕೇಳದೆ ಬಂದ.
ಮದುವೆಯ ಚಿತ್ರದಲ್ಲಿ ಭಾವ ಪೂರ್ತಿ ಇದ್ದಾರೆ,
ಅಕ್ಕ ಸೆರಗಿನ ಹಿಂದೆ.
ಆ ನೆಗೆಟಿವ್‌ನಲ್ಲಿ ನನಗೆ ಕೆಲಸವೇ ಇರಲಿಲ್ಲ.

ಅಂಗಡಿಯ ಹುಡುಗ ಕೆಂಪು ಕ್ಯಾಮೆರಾ ಎತ್ತಿ ನನ್ನತ್ತ ಹಿಡಿದ:
“ಇದರಲ್ಲಿ ಬ್ಯೂಟಿ ಮೋಡ್ ಇದೆ ಸಾರ್, ಕಲೆ ಗಿಲೆ ಎಲ್ಲಾ ತಾನೇ ಹೋಗತ್ತೆ.”
ಪುಟ್ಟ ಪರದೆಯಲ್ಲಿ ನಾನು
ಬೇಯಿಸಿ ಸುಲಿದ ಆಲೂಗಡ್ಡೆ.
ನನ್ನ ಎರಡು ರಾತ್ರಿ, ಇದಕ್ಕೆ ಒಂದು ರೆಪ್ಪೆ.
ಕೋಪ ಬರಲಿಲ್ಲ. ಕಸುಬುದಾರನ ಕಣ್ಣು ನೋಡಿಯೇ ನೋಡಿತು:
ಕಿವಿಯ ಬಳಿ ತೀರಾ ಮೆತ್ತಿದೆ.
ನಾನಾಗಿದ್ದರೆ ಎರಡು ಸುಕ್ಕು ಉಳಿಸುತ್ತಿದ್ದೆ,
ಜನ ನಂಬಲಿ ಅಂತ.

ಬೆಳ್ಳಿಯದು, ಎದುರಿನವರು ನಕ್ಕರಷ್ಟೇ ಕ್ಲಿಕ್ ಎನ್ನುತ್ತದಂತೆ.
ನಮ್ಮ ಅಳಿಯಂದಿರ ಮುಂದೆ ಹಿಡಿದರೆ
ಸೆಲ್ ಸತ್ತೇ ಹೋಗಬೇಕು.

“ಇದು?” ಎಂದೆ, ಕಪ್ಪನ್ನು ತೋರಿಸಿ.
“ಇದರಲ್ಲಿ ಅಂಥದ್ದೇನಿಲ್ಲ ಸಾರ್. ಇದ್ದದ್ದನ್ನ ತೆಗೆಯತ್ತೆ.
ಎರಡು ಪೆನ್ಸಿಲ್ ಸೆಲ್ ಹಾಕಿದರೆ ಆಯ್ತು.”
ಪೆನ್ಸಿಲ್ ಎಂಬ ಮಾತಿಗೆ ನಾನೊಬ್ಬನೇ ನಕ್ಕೆ.
ಮಗಳು ಅದನ್ನು ಒಪ್ಪಿಗೆ ಎಂದುಕೊಂಡು
ಪರ್ಸ್ ತೆಗೆದಳು.

ಭಾನುವಾರ ಅಕ್ಕ ಬಂದಿದ್ದಳು. ಹಿತ್ತಿಲ ಕಟ್ಟೆಯ ಮೇಲೆ
ಅವರೆಕಾಯಿ ಸುಲಿಯುತ್ತ,
ಮೊಮ್ಮಗನ ಕೈಗೊಂದು ಕಾಳು, ತನ್ನ ಬಾಯಿಗೊಂದು ಬೈಗುಳ.
ಕ್ಯಾಮೆರಾ ಕಂಡದ್ದೇ ಸೆರಗು ಎತ್ತಿದಳು.
“ಪೆನ್ಸಿಲ್ ತಂದಿದ್ದೀಯೇನೋ?”
“ಎರಡು ತಂದಿದ್ದೀನಿ, ಒಳಗೆ ಹಾಕಿದ್ದೀನಿ.”
ಅರ್ಥವಾಗದೆ ಸೆರಗು ಅರ್ಧಕ್ಕೇ ನಿಂತಿತು.
ಒತ್ತಿದೆ.

ನಾಲ್ಕಾರು ಸೈಜಿನಲ್ಲಿ ಪ್ರಿಂಟು ಹಾಕಿಸಿ ಕೊಟ್ಟೆ.
ಹುಡುಗ ಅಲುಗಿ ಹೊಗೆಯಾಗಿದ್ದಾನೆ,
ಅಕ್ಕ ಮಾತ್ರ ಚೂರೂ ಕದಲಿಲ್ಲ.
ಇಳಿಬಿಸಿಲು ಕೆನ್ನೆಯ ಮೇಲೆ ಓರೆಯಾಗಿ ಬಿದ್ದು
ಒಂದೊಂದು ಗುಳಿಯೂ ಎಣಿಸುವ ಹಾಗಿದೆ.

ಕನ್ನಡಕ ಏರಿಸಿ, ಇಳಿಸಿ, ಕಿಟಕಿಗೆ ಹಿಡಿದು
ಬಹಳ ಹೊತ್ತು ನೋಡಿದಳು.
ಕೊನೆಗೆ ಮೂಲೆಯಲ್ಲಿ ಅಡ್ಡ ಬಂದಿದ್ದ ಕಪ್ಪಿಗೆ ಉಗುರಿಟ್ಟು,
“ಇದೇನೋ ಇದು, ನಿನ್ನ ಬೆರಳಾ?
ನಲವತ್ತು ವರ್ಷ ಅಲ್ಲಿ ಏನು ಕಲಿತೆಯೋ, ನಾ ಕಾಣೆ.”